ಒಮಾನ್ ಪ್ರವಾಸ: ಯಾವ ತಿಂಗಳಲ್ಲಿ ಯಾವ ಸೀಮೆ?

2018ರ ಜೂನ್ 26ರಂದು ಒಮಾನ್ ದೇಶದ ಕರಾವಳಿ ಪಟ್ಟಣವಾದ ಖುರಿಯಾತ್‌ನಲ್ಲಿ ತಾಪಮಾನವು ಇಡೀ ದಿನದಲ್ಲಿ ಒಮ್ಮೆಯೂ 42.6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲಿಲ್ಲ. ಇದು ಆ ದಿನದ ಗರಿಷ್ಠ ತಾಪಮಾನವಲ್ಲ, ಕನಿಷ್ಠ ತಾಪಮಾನ. ನಮ್ಮ ರಾಯಚೂರು, ಕಲಬುರಗಿಗಳಲ್ಲಿ ಮೇ ತಿಂಗಳ ನಡುಹಗಲಿನಲ್ಲಿ ಕಾಣುವ ಬಿಸಿಯು ಅಲ್ಲಿ ನಡುರಾತ್ರಿಯಲ್ಲಿತ್ತು. ಜಗತ್ತಿನಲ್ಲಿ ದಾಖಲಾದ ಅತಿ ಹೆಚ್ಚಿನ ಕನಿಷ್ಠ ತಾಪಮಾನವೆಂದು ಅದು ಅಂದು ಸುದ್ದಿಯಾಯಿತು.

ಪ್ರತಿವರ್ಷ ಅದೇ ದಿನಗಳಲ್ಲಿ, ಅದೇ ದೇಶದ ದಕ್ಷಿಣ ತುದಿಯಲ್ಲಿರುವ ಸಲಾಲ ನಗರಕ್ಕೆ ಕೊಲ್ಲಿ ರಾಷ್ಟ್ರಗಳ ಸಾವಿರಾರು ಕುಟುಂಬಗಳು ತುಂತುರು ಮಳೆಯಲ್ಲಿ ನೆನೆಯಲೆಂದೇ ಹೊರಡುತ್ತವೆ. ಅಲ್ಲಿ ಬೆಟ್ಟಗಳಿಗೆ ಮಂಜು ಕವಿದಿರುತ್ತದೆ, ಹುಲ್ಲು ಚಿಗುರುತ್ತಿರುತ್ತದೆ, ತಾಪಮಾನ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಸ್ಕತ್‌ನಿಂದ ಸಲಾಲಕ್ಕೆ ರಸ್ತೆಯಲ್ಲಿ ಸುಮಾರು 1,000 ಕಿಲೋಮೀಟರ್. ಒಂದೇ ದೇಶದ ಎರಡು ಊರುಗಳ ನಡುವೆ ಒಂದೇ ದಿನ ಇಷ್ಟು ಅಂತರವಿರುವಾಗ ‘ಒಮಾನ್‌ಗೆ ಹೋಗಲು ಯಾವ ಕಾಲ ಒಳ್ಳೆಯದು?’ ಎಂಬ ಪ್ರಶ್ನೆಗೆ ಒಂದೇ ಉತ್ತರ ದೊರೆಯುವುದಿಲ್ಲ. ಮೊದಲು ಸೀಮೆಯನ್ನು ಆರಿಸಿಕೊಳ್ಳಬೇಕು, ಆಮೇಲೆ ತಿಂಗಳನ್ನು.

ಈ ಪ್ರಶ್ನೆ ಕನ್ನಡಿಗರಿಗೆ ಕೇವಲ ಕುತೂಹಲದ್ದಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಅನೇಕ ಮನೆಗಳ ಮಕ್ಕಳು ಉದ್ಯೋಗ ನಿಮಿತ್ತ ಒಮಾನ್‌ನಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಲೆಂದು ವಯಸ್ಸಾದ ತಂದೆತಾಯಿಗಳು ಹೊರಡುತ್ತಾರೆ. ಶಾಲೆಗೆ ರಜೆ ಸಿಕ್ಕಿತೆಂದು ಸಣ್ಣ ಮಕ್ಕಳೊಂದಿಗೆ ಕುಟುಂಬಗಳು ಹೊರಡುತ್ತವೆ. ರಜೆಯ ದಿನ ಮತ್ತು ಟಿಕೆಟ್ಟಿನ ದರ ನೋಡಿ ತಿಂಗಳನ್ನು ನಿರ್ಧರಿಸುವುದು ವಾಡಿಕೆ. ಆದರೆ ಒಮಾನ್‌ನಲ್ಲಿ ತಪ್ಪು ತಿಂಗಳ ಆಯ್ಕೆಯು ಪ್ರವಾಸವನ್ನು ಕೆಡಿಸುವುದಷ್ಟೇ ಅಲ್ಲ, ಹಿರಿಯರ ಮತ್ತು ಮಕ್ಕಳ ಆರೋಗ್ಯಕ್ಕೇ ಕುತ್ತು ತರಬಲ್ಲದು.

ಒಂದೇ ದೇಶ, ನಾಲ್ಕು ಹವೆ

ಒಮಾನ್‌ನ ವಿಸ್ತೀರ್ಣ ಸುಮಾರು 3.09 ಲಕ್ಷ ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಒಂದೂವರೆ ಪಟ್ಟಿಗಿಂತ ಹೆಚ್ಚು. ಜನಸಂಖ್ಯೆ ಮಾತ್ರ ಸುಮಾರು ಅರ್ಧ ಕೋಟಿ. ಪ್ರವಾಸಿಗರ ದೃಷ್ಟಿಯಿಂದ ಈ ನೆಲವನ್ನು ನಾಲ್ಕು ಭಾಗವಾಗಿ ವಿಂಗಡಿಸಿಕೊಳ್ಳುವುದು ಅನುಕೂಲ.

ಮೊದಲನೆಯದು ಉತ್ತರದ ಕರಾವಳಿ. ರಾಜಧಾನಿ ಮಸ್ಕತ್, ಬಾತಿನಾ ಬಯಲು, ಸೂರ್ ಪಟ್ಟಣ ಇಲ್ಲಿವೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ನೆಲದಿಂದಾಗಿ ದೇಶದ ಉಳಿದ ಭಾಗದಿಂದ ಬೇರ್ಪಟ್ಟಿರುವ ಮುಸಂದಮ್ ಪರ್ಯಾಯದ್ವೀಪವನ್ನೂ ಇದರೊಂದಿಗೇ ಎಣಿಸಬಹುದು. ಎರಡನೆಯದು ಕರಾವಳಿಗೆ ಬೆನ್ನುಗೊಟ್ಟು ನಿಂತಿರುವ ಹಜರ್ ಪರ್ವತಶ್ರೇಣಿ. ಇದರ ಅತ್ಯುನ್ನತ ಶಿಖರ ಜಬಲ್ ಶಮ್ಸ್ ಸುಮಾರು 3,000 ಮೀಟರ್ ಎತ್ತರವಿದ್ದು, ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರವಾಗಿದೆ. ಮೂರನೆಯದು ಒಳನಾಡಿನ ಮರುಭೂಮಿ. ಶರ್ಖಿಯಾ ಮರಳುದಿಬ್ಬಗಳು ಮತ್ತು ಸೌದಿ ಅರೇಬಿಯದೊಳಕ್ಕೆ ಹಬ್ಬಿರುವ ‘ರುಬ್ ಅಲ್ ಖಾಲಿ’ ಎಂಬ ಮಹಾ ಮರಳುಗಾಡು ಇದರಲ್ಲಿ ಸೇರುತ್ತವೆ. ನಾಲ್ಕನೆಯದು ಯೆಮನ್ ಗಡಿಗೆ ಹೊಂದಿಕೊಂಡ ದೋಫಾರ್ ಪ್ರಾಂತ್ಯ. ಸಲಾಲ ಇದರ ಮುಖ್ಯ ನಗರ.

ಮೊದಲ ಮೂರು ಸೀಮೆಗಳಿಗೆ ಚಳಿಗಾಲವೇ ಪ್ರಶಸ್ತ. ನಾಲ್ಕನೆಯದರ ಲೆಕ್ಕ ಬೇರೆ.

ನವೆಂಬರ್‌ನಿಂದ ಮಾರ್ಚ್: ಉತ್ತರದ ಸುಗ್ಗಿಕಾಲ

ಜನವರಿಯಲ್ಲಿ ಮಸ್ಕತ್‌ನ ಹಗಲು ಸುಮಾರು 25 ಡಿಗ್ರಿ, ರಾತ್ರಿ 17–18 ಡಿಗ್ರಿ ಇರುತ್ತದೆ. ಬೆಂಗಳೂರಿನ ಡಿಸೆಂಬರ್ ಹವೆಗೆ ಹೊಂದಿಕೊಂಡವರಿಗೆ ಇದು ಹಿತವೇ. ಮತ್ರಾ ಮಾರುಕಟ್ಟೆಯ ಓಣಿಗಳನ್ನು ಹಗಲಿನಲ್ಲಿಯೇ ನಡೆದು ನೋಡಬಹುದು. 2001ರಲ್ಲಿ ಉದ್ಘಾಟನೆಗೊಂಡ ಸುಲ್ತಾನ್ ಖಾಬೂಸ್ ಮಹಾಮಸೀದಿಗೆ ಅನ್ಯಧರ್ಮೀಯರಿಗೆ ಶುಕ್ರವಾರ ಹೊರತುಪಡಿಸಿ ಉಳಿದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11ರವರೆಗೆ ಪ್ರವೇಶವಿದೆ. ಮಹಿಳೆಯರು ತಲೆಗೆ ವಸ್ತ್ರ ಹೊದ್ದು, ಕೈಕಾಲು ಪೂರ್ಣ ಮುಚ್ಚುವ ಉಡುಪು ಧರಿಸಿರಬೇಕು.

ಒಳನಾಡಿನ ನಿಜ್ವಾ ಕೋಟೆ, ಅಲ್ಲಿನ ಶುಕ್ರವಾರ ಬೆಳಗಿನ ಮೇಕೆ ಸಂತೆ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಹ್ಲಾ ಕೋಟೆ ಇವೆಲ್ಲವೂ ಬಯಲಿನಲ್ಲಿ ನಿಂತು, ನಡೆದು ನೋಡಬೇಕಾದ ತಾಣಗಳು. ಬೆಟ್ಟದ ಬುಡದಿಂದ ತೋಟಗಳಿಗೆ ನೀರು ತರುವ ‘ಫಲಜ್’ ಎಂಬ ಪುರಾತನ ಕಾಲುವೆ ವ್ಯವಸ್ಥೆಯ ಐದು ಮಾದರಿಗಳು 2006ರಲ್ಲಿ ಅದೇ ಪಟ್ಟಿಗೆ ಸೇರಿದವು. ಬಿಸಿಲಿನ ಭಯವಿಲ್ಲದೆ ಇವನ್ನು ಕಾಣಬೇಕಾದರೆ ಈ ಐದು ತಿಂಗಳುಗಳೇ ಸರಿ. ಮರುಭೂಮಿಯ ಬಿಡಾರಗಳಲ್ಲಿ ರಾತ್ರಿ ತಂಗುವುದಕ್ಕೂ, ಮುಸಂದಮ್‌ನ ಕಡಲ ಕವಲುಗಳಲ್ಲಿ ದೋಣಿವಿಹಾರಕ್ಕೂ ಇದೇ ಕಾಲ. ಮರಳುಗಾಡಿನಲ್ಲಿ ಸೂರ್ಯ ಮುಳುಗಿದ ಕೂಡಲೇ ಚಳಿ ಏರುವುದರಿಂದ ಸ್ವೆಟರ್ ಒಯ್ಯುವುದನ್ನು ಮರೆಯಬಾರದು.

ನವೆಂಬರ್ 20ರ ರಾಷ್ಟ್ರೀಯ ದಿನದ ಆಸುಪಾಸಿನಲ್ಲಿ ನಗರಗಳು ದೀಪಾಲಂಕಾರಗೊಳ್ಳುತ್ತವೆ. 2024ರವರೆಗೆ ಈ ಆಚರಣೆ ನವೆಂಬರ್ 18ರಂದು ನಡೆಯುತ್ತಿತ್ತು. 2025ರಿಂದ ದಿನಾಂಕ ಬದಲಾಗಿದೆ.

ಈ ಕಾಲದ ಒಂದೇ ತೊಡಕೆಂದರೆ ಜನಸಂದಣಿ. ಯೂರೋಪಿನ ಪ್ರವಾಸಿಗರು ಹೆಚ್ಚಾಗಿ ಬರುವುದೂ ಇದೇ ತಿಂಗಳುಗಳಲ್ಲಿ. ಡಿಸೆಂಬರ್ ಕೊನೆಯ ವಾರದ ವಸತಿ ದರವನ್ನು ಜನವರಿ ಮಧ್ಯಭಾಗದ ದರದೊಂದಿಗೆ ಹೋಲಿಸಿ ನೋಡಿ ಮುಂಗಡ ಕಾಯ್ದಿರಿಸುವುದು ಜಾಣತನ.

ಬೆಟ್ಟದ ಮೇಲೆ ಗುಲಾಬಿಯ ಕಾಲ

ಹಜರ್ ಶ್ರೇಣಿಯ ಜಬಲ್ ಅಖ್ದರ್, ಅಂದರೆ ‘ಹಸುರು ಬೆಟ್ಟ’, ಪ್ರತ್ಯೇಕವಾಗಿ ಗಮನಿಸಬೇಕಾದ ತಾಣ. ಸುಮಾರು 2,000 ಮೀಟರ್ ಎತ್ತರದ ಸೈಖ್ ಪ್ರಸ್ಥಭೂಮಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಹೊಲಗಳಿವೆ. ಮಾರ್ಚ್ ಕೊನೆಯಿಂದ ಮೇ ಮೊದಲ ಭಾಗದವರೆಗೆ ಇಲ್ಲಿ ಗುಲಾಬಿ ಅರಳುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹೂ ಬಿಡಿಸಿ, ಮಣ್ಣಿನ ಒಲೆಗಳಲ್ಲಿ ಭಟ್ಟಿ ಇಳಿಸಿ ಪನ್ನೀರು ತೆಗೆಯುತ್ತಾರೆ. ದಾಳಿಂಬೆ ಹಣ್ಣಾಗುವುದು ಆಗಸ್ಟ್ ಕೊನೆಯ ನಂತರ.

ಕೆಳಗಿನ ಬಯಲು 40 ಡಿಗ್ರಿಯಲ್ಲಿ ಬೇಯುತ್ತಿರುವಾಗಲೂ ಬೆಟ್ಟದ ಮೇಲೆ ಹಗಲು 30 ಡಿಗ್ರಿಯ ಆಸುಪಾಸು ಇರುತ್ತದೆ. ಆದುದರಿಂದ ಏಪ್ರಿಲ್‌ನಲ್ಲಿಯೇ ಹೋಗಬೇಕಾದ ಅನಿವಾರ್ಯತೆ ಇರುವವರಿಗೆ ಇದು ಒಳ್ಳೆಯ ಆಸರೆ. ಚಳಿಗಾಲದ ರಾತ್ರಿಗಳಲ್ಲಿ ಮಾತ್ರ ಇಲ್ಲಿ ತಾಪಮಾನ ಸೊನ್ನೆಗೆ ಇಳಿಯುವುದುಂಟು. ಜಬಲ್ ಶಮ್ಸ್ ತುದಿಯಲ್ಲಿ ಅಪರೂಪಕ್ಕೆ ಹಿಮವೂ ಬೀಳುತ್ತದೆ. ಜಬಲ್ ಅಖ್ದರ್ ಏರುವ ರಸ್ತೆಯ ಬುಡದಲ್ಲಿ ಪೊಲೀಸ್ ತಪಾಸಣಾ ಕೇಂದ್ರವಿದ್ದು, ನಾಲ್ಕೂ ಚಕ್ರಗಳಿಗೆ ಶಕ್ತಿ ಸಾಗುವ ವಾಹನಗಳನ್ನು ಮಾತ್ರ ಮೇಲೆ ಬಿಡುತ್ತಾರೆ. ಬಾಡಿಗೆ ಕಾರು ಪಡೆಯುವಾಗಲೇ ಇದನ್ನು ವಿಚಾರಿಸಿಕೊಳ್ಳಬೇಕು.

ಮೇ–ಸೆಪ್ಟೆಂಬರ್: ಉತ್ತರಕ್ಕೆ ಏಕೆ ಬೇಡ?

ನಮ್ಮಲ್ಲಿ ಬೇಸಿಗೆ ರಜೆ ಬೀಳುವುದು ಏಪ್ರಿಲ್–ಮೇ ತಿಂಗಳುಗಳಲ್ಲಿ. ಒಮಾನ್‌ನಲ್ಲಿ ಬಿಸಿಲು ಬಿಗಿಯಾಗುವುದೂ ಆಗಲೇ. ಮೇ ಕೊನೆಯಿಂದ ಮಸ್ಕತ್‌ನಲ್ಲಿ ಹಗಲು 40 ಡಿಗ್ರಿ ಮುಟ್ಟುವುದು ಸಾಮಾನ್ಯ. ಒಳನಾಡಿನ ಕೆಲವೆಡೆ 50 ಡಿಗ್ರಿ ದಾಟಿದ ದಾಖಲೆಗಳಿವೆ. ‘ನಮ್ಮ ಬಳ್ಳಾರಿಯಲ್ಲಿಯೂ ಇಷ್ಟೇ ಇರುತ್ತದಲ್ಲ’ ಎಂದು ಭಾವಿಸುವುದು ತಪ್ಪು. ಬಳ್ಳಾರಿಯ ಬಿಸಿಲು ಒಣ ಬಿಸಿಲು. ಬೆವರು ಆರಿ ದೇಹ ತಣಿಯುತ್ತದೆ. ಒಮಾನ್ ಕೊಲ್ಲಿಯ ನೀರು ಬೇಸಿಗೆಯಲ್ಲಿ 30 ಡಿಗ್ರಿಗೂ ಮೀರಿ ಕಾದಿರುವುದರಿಂದ ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಆರುವುದಿಲ್ಲ. ಇದಕ್ಕೆ ಜೊತೆಯಾಗಿ ‘ಘರ್ಬಿ’ ಎಂದು ಸ್ಥಳೀಯರು ಕರೆಯುವ ಪಶ್ಚಿಮದ ಗಾಳಿಯು ಬೆಟ್ಟದಿಂದ ಕೆಳಗಿಳಿಯುತ್ತಾ ಇನ್ನಷ್ಟು ಕಾಯುತ್ತದೆ. ಆಗ ರಾತ್ರಿಯೂ ದೇಹಕ್ಕೆ ವಿಶ್ರಾಂತಿ ಸಿಗದು.

ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕಾರ್ಮಿಕರಿಂದ ಕೆಲಸ ಮಾಡಿಸುವುದನ್ನು ಅಲ್ಲಿನ ಸರ್ಕಾರ ನಿಷೇಧಿಸಿದೆ. ಬಿಸಿಲಿಗೆ ಪಳಗಿದ ಕಾರ್ಮಿಕರಿಗೇ ಈ ರಕ್ಷಣೆ ಬೇಕಾಗಿರುವಾಗ, ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಮಾತ್ರೆ ಸೇವಿಸುವ ಹಿರಿಯರನ್ನು ಆ ಹೊತ್ತಿನಲ್ಲಿ ಕೋಟೆ ತೋರಿಸಲು ಕರೆದೊಯ್ಯುವುದು ವಿವೇಕವಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುನ್ನ ವೈದ್ಯರನ್ನು ಕಾಣುವುದು ಅಗತ್ಯ. ತಲೆಸುತ್ತು, ಓಕರಿಕೆ, ಮಾತಿನಲ್ಲಿ ಗೊಂದಲ ಕಂಡರೆ ಕೂಡಲೇ ತಣ್ಣನೆಯ ಸ್ಥಳಕ್ಕೆ ಸಾಗಿಸಿ, ಮೈಗೆ ನೀರು ಸಿಂಪಡಿಸಿ ಗಾಳಿ ಹಾಕಬೇಕು, ವೈದ್ಯಕೀಯ ನೆರವು ಕರೆಯಬೇಕು. ತುರ್ತು ಸೇವೆಯ ದೂರವಾಣಿ ಸಂಖ್ಯೆ 9999. ನಿಲ್ಲಿಸಿದ ಕಾರಿನೊಳಗೆ ಮಕ್ಕಳನ್ನು ಒಂದೆರಡು ನಿಮಿಷವೂ ಬಿಡಕೂಡದು.

ಹಾಗಿದ್ದರೂ ಈ ಕಾಲದಲ್ಲಿ ಉತ್ತರದಲ್ಲಿ ನೋಡತಕ್ಕ ಎರಡು ಸಂಗತಿಗಳಿವೆ. ಒಂದು, ಪೂರ್ವ ತುದಿಯ ರಾಸ್ ಅಲ್ ಜಿಂಜ್ ತೀರದಲ್ಲಿ ಹಸುರು ಕಡಲಾಮೆಗಳು ಮೊಟ್ಟೆಯಿಡುವ ದೃಶ್ಯ. ವರ್ಷವಿಡೀ ಕೆಲವು ಆಮೆಗಳು ಬಂದರೂ ಹೆಚ್ಚು ಸಂಖ್ಯೆಯಲ್ಲಿ ಬರುವುದು ಬೇಸಿಗೆಯ ತಿಂಗಳುಗಳಲ್ಲಿಯೇ. ಅರಬ್ಬೀ ಸಮುದ್ರದ ಗಾಳಿಗೆ ಮುಖಮಾಡಿರುವ ಈ ಮೂಲೆ ಮಸ್ಕತ್‌ಗಿಂತ ತಂಪಾಗಿರುತ್ತದೆ. ವೀಕ್ಷಣೆ ರಾತ್ರಿ ಮತ್ತು ಮುಂಜಾವಿನಲ್ಲಿ, ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ.

ಎರಡನೆಯದು ಖರ್ಜೂರದ ಕೊಯ್ಲು. ‘ಮಬ್ಸಲಿ’ ಎಂಬ ತಳಿಯ ಹಳದಿ ಕಾಯಿಗಳನ್ನು ದೊಡ್ಡ ಹಂಡೆಗಳಲ್ಲಿ ಬೇಯಿಸಿ ಬಿಸಿಲಿನಲ್ಲಿ ಒಣಗಿಸುವ ಕೆಲಸ ಈ ಕಾಲದಲ್ಲಿ ನಡೆಯುತ್ತದೆ. ಹೀಗೆ ಒಣಗಿಸಿದ ಕಾಯಿ ಬಹುಕಾಲದಿಂದ ಭಾರತಕ್ಕೆ ರಫ್ತಾಗುತ್ತಿದೆ. ನಮ್ಮ ತಾಂಬೂಲದ ತಟ್ಟೆಯಲ್ಲಿಯೂ ಬಾಣಂತಿಯ ಅಂಟಿನುಂಡೆಯಲ್ಲಿಯೂ ಕಾಣುವ ಉತ್ತುತ್ತೆ ಇದೇ ಬಗೆಯ ಒಣಖರ್ಜೂರ.

ಖರೀಫ್: ಮರುಭೂಮಿಗೆ ಬರುವ ಮಳೆಗಾಲ

ಇನ್ನು ದೋಫಾರ್. ಜೂನ್ 21ರಿಂದ ಸೆಪ್ಟೆಂಬರ್ 20ರ ಸುಮಾರಿಗೆ ಇಲ್ಲಿ ‘ಖರೀಫ್’ ಎಂದು ಎಣಿಸುತ್ತಾರೆ. ನಮ್ಮ ರೈತರಿಗೆ ಮುಂಗಾರು ಬೆಳೆಯ ಹೆಸರಾಗಿ ಪರಿಚಿತವಾದ ಇದೇ ಅರಬ್ಬೀ ಪದದ ಮೂಲ ಅರ್ಥ ಶರತ್ಕಾಲ. ಸಲಾಲದಲ್ಲಿ ಮಾತ್ರ ಅದು ಮಳೆಗಾಲದ ಹೆಸರು.

ಇದಕ್ಕೆ ಕಾರಣ ನೈಋತ್ಯ ಮಾರುತ. ಪಶ್ಚಿಮ ಘಟ್ಟಗಳಿಗೆ ಮುಂಗಾರು ತರುವ ಈ ಗಾಳಿಯು ಅರಬ್ಬೀ ಸಮುದ್ರವನ್ನು ದಾಟುವ ಮುನ್ನ ದೋಫಾರ್ ಕರಾವಳಿಯನ್ನು ಸವರಿಕೊಂಡು ಸಾಗುತ್ತದೆ. ತೀರದ ಉದ್ದಕ್ಕೂ ಬೀಸುವ ಗಾಳಿ ಮೇಲ್ಪದರದ ನೀರನ್ನು ಕಡಲಿನತ್ತ ತಳ್ಳುತ್ತದೆ. ಅದರ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ತೇವಭರಿತ ಗಾಳಿ ಈ ತಣ್ಣೀರಿನ ಮೇಲೆ ಹಾಯುವಾಗ ಮಂಜಾಗುತ್ತದೆ. ಮೇಲೆ ಮರುಭೂಮಿಯ ಬಿಸಿ ಒಣಗಾಳಿ ಮುಚ್ಚಳದಂತೆ ಕವಿದಿರುವುದರಿಂದ ಮೋಡ ಎತ್ತರಕ್ಕೆ ಬೆಳೆಯಲಾರದು. ಹಾಗಾಗಿ ಗುಡುಗು ಸಿಡಿಲಿನ ಮಳೆಯಿಲ್ಲ. ಬೆಟ್ಟದ ಮೈಗೆ ತಾಗಿ ನಿಂತ ಮಂಜು ಮತ್ತು ಜಿನುಗು ಮಳೆ ಮಾತ್ರ. ಮರಗಳು ಎಲೆಗಳಿಂದಲೇ ಈ ಮಂಜನ್ನು ಹಿಡಿದು ಬುಡಕ್ಕೆ ಹನಿಸುತ್ತವೆ. ಬೆಟ್ಟದ ನೆತ್ತಿ ದಾಟಿ ತುಮ್ರೈತ್ ಕಡೆಗೆ ಹೊರಟರೆ ಒಂದು ಗಂಟೆಯೊಳಗೆ ಮತ್ತೆ ಸುಡುವ ಮರುಭೂಮಿ.

ಮಲೆನಾಡಿನ ಮಳೆಯನ್ನು ನಿರೀಕ್ಷಿಸಿ ಹೋಗುವವರು ಒಂದು ಮಾತನ್ನು ತಿಳಿದಿರಬೇಕು. ಸಲಾಲ ನಗರದಲ್ಲಿ ವರ್ಷವಿಡೀ ಬೀಳುವ ಮಳೆ ನೂರು ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಜುಲೈನ ಒಂದೇ ದಿನದಲ್ಲಿ ಅಷ್ಟು ಸುರಿಯುವುದುಂಟು. ಹಸುರನ್ನೇ ಕಾಣದ ಅರಬರಿಗೆ ಖರೀಫ್ ಒಂದು ವಿಸ್ಮಯ. ಆಗುಂಬೆ, ಕೊಡಗು ಕಂಡವರಿಗೆ ಮರುಭೂಮಿಯ ಅಂಚಿನಲ್ಲಿ ಅಂಥ ಹಸುರು ಹೇಗೆ ನಿಂತಿದೆ ಎಂಬುದೇ ನಿಜವಾದ ಆಕರ್ಷಣೆ. ರಸ್ತೆಬದಿಯ ಎಳನೀರು, ಬಾಳೆ, ಪಪ್ಪಾಯಿಯ ಅಂಗಡಿಗಳ ಸಾಲು ಕರಾವಳಿಯವರಿಗೆ ಊರನ್ನೇ ನೆನಪಿಸುತ್ತದೆ.

ಖರೀಫ್‌ನೊಳಗೂ ವಾರಗಳ ಆಯ್ಕೆ ಮುಖ್ಯ. ಜೂನ್ ಕೊನೆಯಲ್ಲಿ ಮಂಜು ಬಂದಿದ್ದರೂ ಬೆಟ್ಟ ಇನ್ನೂ ಬೂದುಬಣ್ಣದಲ್ಲಿರುತ್ತದೆ. ಜುಲೈ ಮಧ್ಯದ ನಂತರ ಹಸುರು ತುಂಬುತ್ತದೆ. ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ ಜನದಟ್ಟಣೆ ಮಿತಿಮೀರಿ, ವಸತಿ ದರ ಏರುತ್ತದೆ. ವಾದಿ ದರ್ಬಾತ್‌ನ ಜಲಪಾತ, ಅಥುಮ್ ಮತ್ತು ರಜಾತ್ ಚಿಲುಮೆಗಳು, ತಾಖಾ ಹಾಗೂ ಮಿರ್ಬಾತ್ ಪಟ್ಟಣಗಳನ್ನು ಸಮಾಧಾನದಿಂದ ನೋಡಬಯಸುವವರಿಗೆ ಸೆಪ್ಟೆಂಬರ್ ಉತ್ತಮ. ಸೆಪ್ಟೆಂಬರ್ 21ರ ನಂತರದ ಮೂರು ತಿಂಗಳನ್ನು ಸ್ಥಳೀಯರು ‘ಸರ್ಬ್’ ಎನ್ನುತ್ತಾರೆ. ಅದರ ಮೊದಲ ವಾರಗಳಲ್ಲಿ ಮಂಜು ಸರಿದು ಬಿಸಿಲು ಮೂಡಿರುತ್ತದೆ, ಬೆಟ್ಟದ ಹಸುರು ಇನ್ನೂ ಮಾಸಿರುವುದಿಲ್ಲ, ಕಡಲು ಶಾಂತವಾಗುತ್ತದೆ. ನಮ್ಮ ದಸರಾ ರಜೆಗೆ ಹತ್ತಿರ ಬೀಳುವ ಕಾಲವೂ ಇದೇ.

ಡಿಸೆಂಬರ್–ಜನವರಿಯಲ್ಲಿ ಸಲಾಲಕ್ಕೆ ಹೋದರೆ ಹಸುರು ಸಿಗದು, ಆದರೆ ತಿಳಿಯಾದ ಕಡಲತೀರ ಸಿಗುತ್ತದೆ. ಧೂಪದ ಮರಗಳಿರುವ ವಾದಿ ದವ್ಕಾ, ಸುಮ್ಹುರಮ್ ಮತ್ತು ಅಲ್ ಬಲೀದ್‌ನ ಪುರಾತನ ಬಂದರುಗಳ ಅವಶೇಷಗಳನ್ನು ಬಿಸಿಲಿನ ಕಾಟವಿಲ್ಲದೆ ನೋಡಬಹುದು. ಇವು 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ತಾಣಗಳು.

ಸೊಬಗಿನ ಕಾಲವೇ ಅಪಾಯದ ಕಾಲ

ಖರೀಫ್‌ನಲ್ಲಿ ದೋಫಾರ್ ಕಡಲು ಉಗ್ರವಾಗಿರುತ್ತದೆ. ಮುಘ್ಸೈಲ್ ತೀರದಲ್ಲಿ ಬಂಡೆಯ ರಂಧ್ರಗಳಿಂದ ನೀರು ಕಾರಂಜಿಯಂತೆ ಚಿಮ್ಮುವುದನ್ನು ನೋಡಲು ಜನ ಮುಗಿಬೀಳುವುದೂ ಆಗಲೇ. 2022ರ ಜುಲೈನಲ್ಲಿ ಇಲ್ಲಿ ತಡೆಬೇಲಿ ದಾಟಿ ನಿಂತಿದ್ದ ಪ್ರವಾಸಿಗರನ್ನು, ಮಕ್ಕಳೂ ಸೇರಿದಂತೆ, ಅಲೆ ಸೆಳೆದೊಯ್ದಿತು. ಅವರಲ್ಲಿ ಭಾರತೀಯರಿದ್ದರು. ಬೇಲಿಯಾಚೆ ಕಾಲಿಡದಿರುವುದು ಮತ್ತು ನೀರಿಗೆ ಇಳಿಯದಿರುವುದು ಈ ಮೂರು ತಿಂಗಳ ಕಟ್ಟುನಿಟ್ಟಿನ ನಿಯಮವಾಗಬೇಕು.

ಮಸ್ಕತ್‌ನಿಂದ ಸಲಾಲಕ್ಕೆ ಬೇಸಿಗೆಯಲ್ಲಿ ಕಾರಿನಲ್ಲಿಯೇ ಹೊರಡುವ ಕುಟುಂಬಗಳು ಬಹಳ. ಹತ್ತು ಗಂಟೆಗೂ ಮೀರಿದ ಈ ಹಾದಿಯ ಬಹುಭಾಗ ಬೋಳು ಮರುಭೂಮಿ. ಅರೆನಿದ್ದೆ, ಮರಳುಗಾಳಿ, ರಸ್ತೆಗೆ ಅಡ್ಡ ಬರುವ ಒಂಟೆ ಇವು ಹಾದಿಯಲ್ಲಿ ಎದುರಾದರೆ, ಕೊನೆಯ ಘಟ್ಟದಲ್ಲಿ ದಟ್ಟ ಮಂಜು. ಹಿರಿಯರು ಮಕ್ಕಳು ಜೊತೆಗಿದ್ದರೆ ಒಂದೂವರೆ ಗಂಟೆಯ ವಿಮಾನ ಪ್ರಯಾಣವೇ ಲೇಸು.

ಉತ್ತರದ ಅಪಾಯ ಬೇರೆ ಬಗೆಯದು. ‘ವಾದಿ’ ಎಂದರೆ ವರ್ಷದ ಬಹುಕಾಲ ಒಣಗಿರುವ, ಇಲ್ಲವೇ ಅಲ್ಲಲ್ಲಿ ತಿಳಿನೀರಿನ ಮಡುಗಳಿರುವ ಕಣಿವೆ. ವಾದಿ ಶಾಬ್, ವಾದಿ ಬನಿ ಖಾಲಿದ್ ಇವು ಒಮಾನ್‌ನ ಅತ್ಯಂತ ಜನಪ್ರಿಯ ತಾಣಗಳು. ಮಸ್ಕತ್‌ನ ವಾರ್ಷಿಕ ಮಳೆ ನೂರು ಮಿಲಿಮೀಟರಿನಷ್ಟು ಮಾತ್ರ. ಆದರೆ ಅದು ಬೀಳುವುದು ಕೆಲವೇ ಗಂಟೆಗಳಲ್ಲಿ, ಮಣ್ಣಿಲ್ಲದ ಬೋಳುಬಂಡೆಯ ಮೇಲೆ. ಬೆಟ್ಟದ ಮೇಲೆ ಮಳೆಯಾದರೆ, ಕೆಳಗೆ ಬಿಸಿಲಿರುವಾಗಲೇ ಕಣಿವೆಯಲ್ಲಿ ಪ್ರವಾಹ ನುಗ್ಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಪಶ್ಚಿಮದಿಂದ ಬರುವ ಮೋಡಗಳಿಂದ, ಬೇಸಿಗೆಯಲ್ಲಿ ಹಜರ್ ಶ್ರೇಣಿಯ ಮಧ್ಯಾಹ್ನದ ಗುಡುಗುಮಳೆಯಿಂದ ಹೀಗಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್ ಎಂಬಲ್ಲಿ ಶಾಲಾ ಮಕ್ಕಳಿದ್ದ ವಾಹನ ಕೊಚ್ಚಿಹೋಯಿತು. ಆ ದಿನಗಳ ಪ್ರವಾಹದಲ್ಲಿ ದೇಶದಲ್ಲಿ ಇಪ್ಪತ್ತರಷ್ಟು ಮಂದಿ ಪ್ರಾಣ ಕಳೆದುಕೊಂಡರು. ಹರಿಯುತ್ತಿರುವ ವಾದಿಯನ್ನು ವಾಹನದಲ್ಲಿ ದಾಟುವುದು ಅಲ್ಲಿ ಶಿಕ್ಷಾರ್ಹ ಅಪರಾಧ.

ಚಂಡಮಾರುತಗಳಿಗೆ ಎರಡು ಕಾಲಾವಧಿಗಳಿವೆ: ಮಳೆಗಾಲಕ್ಕೆ ಮುನ್ನ ಮೇ–ಜೂನ್, ನಂತರ ಅಕ್ಟೋಬರ್–ನವೆಂಬರ್. 2007ರ ಜೂನ್‌ನಲ್ಲಿ ‘ಗೋನು’ ಐವತ್ತರಷ್ಟು ಜೀವಗಳನ್ನು ಬಲಿ ಪಡೆಯಿತು. 2018ರ ಮೇ ತಿಂಗಳಲ್ಲಿ ‘ಮೆಕುನು’ ಸಲಾಲವನ್ನೂ, 2021ರ ಅಕ್ಟೋಬರ್‌ನಲ್ಲಿ ‘ಶಾಹೀನ್’ ಬಾತಿನಾ ಕರಾವಳಿಯನ್ನೂ ಅಪ್ಪಳಿಸಿದವು. ಪ್ರತಿವರ್ಷ ಹೀಗಾಗುವುದಿಲ್ಲ. ಆದರೂ ಈ ತಿಂಗಳುಗಳಲ್ಲಿ ಹೊರಡುವವರು ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ ಪಡೆದು, ದಿನವೂ ಹವಾಮಾನ ಸೂಚನೆಯನ್ನು ಗಮನಿಸುವುದು ಒಳಿತು.

ರಮ್ಜಾನ್ ಲೆಕ್ಕ

ಇಸ್ಲಾಮೀ ಪಂಚಾಂಗ ಚಾಂದ್ರಮಾನದ್ದಾದ್ದರಿಂದ ರಮ್ಜಾನ್ ಮಾಸ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಅದರ ಆರಂಭ 2026ರಲ್ಲಿ ಫೆಬ್ರವರಿ ಮೂರನೆಯ ವಾರ, 2027ರಲ್ಲಿ ಫೆಬ್ರವರಿ ಎರಡನೆಯ ವಾರ, 2028ರಲ್ಲಿ ಜನವರಿ ಕೊನೆಯ ವಾರದ ಆಸುಪಾಸು. ಅಂದರೆ ಉತ್ತರ ಒಮಾನ್‌ನ ಅತ್ಯುತ್ತಮ ಹವೆಯ ದಿನಗಳಲ್ಲಿಯೇ. ಆ ತಿಂಗಳು ಹಗಲಿನಲ್ಲಿ ಸಾರ್ವಜನಿಕವಾಗಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಅನೇಕ ಉಪಾಹಾರ ಗೃಹಗಳು ಸಂಜೆಯವರೆಗೆ ಮುಚ್ಚಿರುತ್ತವೆ. ಮಕ್ಕಳೊಂದಿಗೆ ಹೋಗುವವರು ಚಂದ್ರದರ್ಶನದ ತಿಥಿಯನ್ನು ನೋಡಿಯೇ ದಿನ ಗೊತ್ತುಮಾಡಬೇಕು. ರಾತ್ರಿಯ ಮಾರುಕಟ್ಟೆಯ ಸಡಗರ ನೋಡಬಯಸುವವರಿಗೆ ಇದೇ ತಿಂಗಳು ಮೆಚ್ಚುಗೆಯಾಗಲೂಬಹುದು.

ತಿಂಗಳವಾರು ಸಂಗ್ರಹ

ಜನವರಿ–ಫೆಬ್ರವರಿ: ಮಸ್ಕತ್, ನಿಜ್ವಾ, ಮರುಭೂಮಿ, ಮುಸಂದಮ್‌ಗೆ ಉತ್ತಮ. ಹಿರಿಯರಿಗೆ ಅತ್ಯಂತ ಸೂಕ್ತ. ಬೆಟ್ಟದ ಮೇಲೆ ಕಡುಚಳಿ.

ಮಾರ್ಚ್: ಹಗಲು ಬೆಚ್ಚಗೆ, ಸಂಜೆ ಹಿತ. ವಾದಿಗಳಿಗೆ ಹೋಗುವ ಮುನ್ನ ಮಳೆಯ ಸೂಚನೆ ನೋಡಬೇಕು.

ಏಪ್ರಿಲ್: ಜಬಲ್ ಅಖ್ದರ್ ಗುಲಾಬಿಗೆ ಪ್ರಶಸ್ತ. ಬಯಲುನಾಡನ್ನು ಬೆಳಿಗ್ಗೆ, ಸಂಜೆ ಮಾತ್ರ ನೋಡಬಹುದು.

ಮೇ–ಜೂನ್: ಎಲ್ಲ ಸೀಮೆಗಳಿಗೂ ಕಷ್ಟದ ಕಾಲ. ಸಾಧ್ಯವಾದರೆ ಪ್ರವಾಸವನ್ನು ಮುಂದೂಡುವುದು ಉತ್ತಮ.

ಜುಲೈ–ಆಗಸ್ಟ್: ಸಲಾಲ ಮಾತ್ರ, ಅದೂ ವಿಮಾನದಲ್ಲಿ. ಆಮೆಗಳಿಗಾಗಿ ರಾಸ್ ಅಲ್ ಜಿಂಜ್.

ಸೆಪ್ಟೆಂಬರ್–ಅಕ್ಟೋಬರ್ ಮೊದಲ ಭಾಗ: ಸಲಾಲಕ್ಕೆ ಅತ್ಯುತ್ತಮ. ಉತ್ತರದಲ್ಲಿ ಸೆಕೆ ಇನ್ನೂ ಇಳಿದಿರುವುದಿಲ್ಲ.

ಅಕ್ಟೋಬರ್ ಕೊನೆ–ಡಿಸೆಂಬರ್: ಉತ್ತರದ ಕಾಲ ಆರಂಭ. ದಕ್ಷಿಣ, ಉತ್ತರ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕೆಂಬವರಿಗೆ ನವೆಂಬರ್ ಮಧ್ಯಭಾಗವೇ ಹೊಂದಿಕೆಯಾದ ಕಾಲ. ಆಗ ಸಲಾಲದ ಹಸುರು ಮಾಸಿರುತ್ತದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಮೈಸೂರು ರಾಜ್ಯವು ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರ ಕೋಠಿಯನ್ನು ಹೊಂದಿತ್ತು. ಅಂದಿನ ಹಾಯಿಹಡಗುಗಳು ಗಾಳಿ ಅನುಕೂಲವಾಗುವವರೆಗೆ ಬಂದರಿನಲ್ಲಿಯೇ ಕಾಯುತ್ತಿದ್ದವು; ಕಾಲ ನೋಡದೆ ಹೊರಡುವ ಮಾತೇ ಇರಲಿಲ್ಲ. ಇಂದು ಮೂರೂವರೆ ಗಂಟೆಯಲ್ಲಿ ವಿಮಾನ ಯಾವ ತಿಂಗಳಿನಲ್ಲಾದರೂ ನಮ್ಮನ್ನು ಅಲ್ಲಿ ಇಳಿಸುತ್ತದೆ. ಆದುದರಿಂದ ಕಾಯುವ ನಿರ್ಧಾರವನ್ನು ಈಗ ಪ್ರವಾಸಿಗರೇ ಮಾಡಬೇಕಾಗಿದೆ. ಮೇ ತಿಂಗಳಲ್ಲಿ ಮೊಮ್ಮಕ್ಕಳನ್ನು ನೋಡಲು ಹೊರಟಿರುವ ಅಜ್ಜ ಅಜ್ಜಿಯರ ಟಿಕೆಟ್ಟನ್ನು ಡಿಸೆಂಬರ್‌ಗೆ ಬದಲಿಸಿದರೆ ಆಗುವ ನಷ್ಟ ಅಲ್ಪ. ಮನೆಯೊಳಗೆ ಹವಾನಿಯಂತ್ರಣದಡಿ ಕಳೆಯಬೇಕಾಗಿದ್ದ ದಿನಗಳನ್ನು ಅವರು ಕಡಲತೀರದಲ್ಲಿ ನಡೆದಾಡುತ್ತಾ ಕಳೆಯಬಹುದು.